ಬಿಸಿಲು ನೆನಪಿಟ್ಟ ಕಣ್ಣುಗಳು

"ಪೆಟ್ಟಿಗಿ ಒಳಗ ಒಂದು ಬಲ್ಬ್ ಇತ್ರಿ ಸರ. ಅದು ಸುಮ್ನ ಹತ್ಕೊಂಡ ಇರತಿರಲಿಲ್ಲ. ಉಸಿರಾಡತಿತ್ತು."

ಟಿಕೋಟಾದಿಂದ ಬಂದಿದ್ದ ಸಾಹುಕಾರರು ನನ್ನ ಸ್ಟೂಲಿನ ಮೇಲೆ ಕೂತು ಹೀಗೆ ಹೇಳಿದಾಗ ನಾನು ನಂಬಲಿಲ್ಲ. ವಿಜಯಪುರದ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ರಿಪೇರಿ ಅಂಗಡಿ. ಭಜನಾ ಮೇಳಗಳ ಮಿಕ್ಸರು, ಆರ್ಕೆಸ್ಟ್ರಾದವರ ಆಂಪ್ಲಿಫೈಯರು ಅಲ್ಲಿಗೆ ಬರುತ್ತವೆ. ಗಿಟಾರಿನ ಪೆಡಲ್‌ಗಳೂ ಅಪರೂಪಕ್ಕೊಮ್ಮೆ ಬಂದಿವೆ. ಪೆಡಲ್ ಎಂದರೆ ಕಾಲಿನಿಂದ ಒತ್ತುವ ಲೋಹದ ಪೆಟ್ಟಿಗೆ. ಗಿಟಾರಿನ ನಾದ ಒಂದು ಬದಿಯಿಂದ ಒಳಗೆ ಹೋಗಿ, ಬದಲಾಗಿ ಇನ್ನೊಂದು ಬದಿಯಿಂದ ಹೊರಬರುತ್ತದೆ. ಅದರಲ್ಲಿ ಬಲ್ಬ್ ಇದ್ದರೆ ಅದು ಪೆಡಲ್ ಚಾಲೂ ಇದೆ ಎಂದು ತೋರಿಸಲು ಮಾತ್ರ. ಉಸಿರಾಡುವ ಬಲ್ಬಿಗೆ ಅಲ್ಲಿ ಏನು ಕೆಲಸ?

ಸಾಹುಕಾರರದು ಒಣದ್ರಾಕ್ಷಿಯ ವ್ಯವಹಾರ. ಹರೆಯದಲ್ಲಿ ಅವರು ಒಂದು ಆರ್ಕೆಸ್ಟ್ರಾ ಪಾರ್ಟಿಯಲ್ಲಿ ಗಿಟಾರ್ ಬಾರಿಸುತ್ತಿದ್ದರು. ಯಾರೋ ಸೋಲಾಪುರದ ಕಡೆಯಿಂದ ತಂದುಕೊಟ್ಟಿದ್ದ ಹಳೆಯ ಪೆಡಲ್ ಒಂದಿತ್ತಂತೆ. ಅದನ್ನು ಒತ್ತಿದರೆ ಗಿಟಾರಿನ ಸ್ವರ ನೀರಿನಲ್ಲಿ ಸುಳಿ ಎದ್ದ ಹಾಗೆ ಸುತ್ತುತ್ತಿತ್ತಂತೆ. ಒಂದು ಸಲ ಜೀಪಿನ ಮೇಲಿಂದ ಬಿದ್ದು ಪೆಟ್ಟಿಗೆ ಪುಡಿಯಾಯಿತು. ಆಮೇಲೆ ಪಾರ್ಟಿಯೂ ಒಡೆಯಿತು, ಗಿಟಾರು ಗೋಡೆಗೆ ಸೇರಿತು.

"ಈಗ್ಯಾಕ ಬೇಕಾತ್ರಿ ಅದು?" ಎಂದು ಕೇಳಿದೆ.

"ನಮ್ಮ ಡ್ರಮ್ ಬಾರಸಾಂವ ಇದ್ದಾನಲ್ಲ, ಬಬಲೇಶ್ವರದಾಂವ, ಅವನ ಮಗಳ ಮದವಿ. ಹಳೇ ಪಾರ್ಟಿ ಎಲ್ಲಾರೂ ಕೂಡಿ ಬಾರಸೋಣು ಅಂದಾನ. ನಾ ಅಂದೆ, ಆ ಸೌಂಡ್ ಇದ್ರ ಸ್ಟೇಜ್ ಏರ್ತೇನಿ, ಇಲ್ಲಂದ್ರ ಊಟಕ್ಕ ಅಷ್ಟ ಬರ್ತೇನಿ."

"ಅದಕ್ಕ ಅವರೇನಂದ್ರು?"

"'ಬಾ ದೋಸ್ತ, ಊಟ ಚಲೋ ಮಾಡ್ಸೇನಿ' ಅಂದ, ಮಗಾ." ಸಾಹುಕಾರರು ನಗಲಿಲ್ಲ. "ಊರ ತುಂಬ ಹೇಳ್ಕೋಂತ ಅಡ್ಡಾಡತಾನ್ರಿ. ಅಂಥಾ ಸೌಂಡ್ ಇರಲೇ ಇಲ್ಲಂತ. ನಂದು ಕೇಬಲ್ ಲೂಸ್ ಇತ್ತಂತ. ಅಷ್ಟ ಬೇಕಿದ್ರ ಗೋಳಗುಮ್ಮಟದಾಗ ಕುಂತು ಬಾರ್ಸು, ಪುಕ್ಕಟ ಸುತ್ತತೈತಿ ಅಂತಾನ. ಇಪ್ಪತ್ತು ಮಂದಿ ಮುಂದ ಅಂದ್ರ ನನಗೂ ಒಮ್ಮೊಮ್ಮಿ ಅನಸ್ತೈತಿ, ಖರೇನ ಇತ್ತೋ ಇಲ್ಲೋ ಅಂತ."

ಕೊನೆಯ ಮಾತು ನನ್ನನ್ನು ತಟ್ಟಿತು. ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿದವನು ನಾನು. ಅಳತೆಗೆ ಸಿಗದ್ದನ್ನು ನಂಬಬಾರದೆಂಬುದು ಅಲ್ಲಿಂದ ಬಂದ ಚಟ. ಇತ್ತೀಚಿನ ವರ್ಷಗಳಲ್ಲಿ ಆ ಅನುಮಾನ ನನ್ನ ನೆನಪಿನ ಮೇಲೆಯೇ ತಿರುಗಿದೆ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮರಳುತ್ತೇನೆ. ಬಿಚ್ಚಿದ ಯಂತ್ರದ ಪ್ರತಿ ಹಂತವನ್ನೂ ಫೋನಿನಲ್ಲಿ ಫೋಟೋ ಹಿಡಿದಿಡುತ್ತೇನೆ, ಮರುದಿನ ನನ್ನ ಮಾತನ್ನು ನಾನೇ ನಂಬುವುದಿಲ್ಲವೆಂದು ಗೊತ್ತಿರುವುದರಿಂದ. ಹಾಗಿರುವಾಗ ಎಷ್ಟೋ ವರ್ಷಗಳ ಹಿಂದಿನ ಒಂದು ನಾದ, ಅದೂ ಇನ್ನೊಬ್ಬರ ಕಿವಿಯಲ್ಲಿ ಉಳಿದದ್ದು! ನೋಡುತ್ತೇನೆ ಎಂದಷ್ಟೇ ಹೇಳಿ ಕಳಿಸಿದೆ.

ಹುಡುಕಿದೆ. ಇಂಟರ್ನೆಟ್ಟಿನಲ್ಲಿ ಪೆಡಲ್‌ಗಳನ್ನು ಮನೆಯಲ್ಲೇ ಕಟ್ಟುವವರ ಒಂದು ಲೋಕವೇ ಇದೆ. ಸರ್ಕ್ಯೂಟ್ ಬೋರ್ಡಿನ ತಾಮ್ರದ ದಾರಿಗಳನ್ನು ಬಿಡಿಸಿದ ನಕ್ಷೆಗೆ ಅವರು ಲೇಔಟ್ ಎನ್ನುತ್ತಾರೆ. ಒಬ್ಬ ಬಿಡಿಸಿ ಹಂಚುತ್ತಾನೆ, ಇನ್ನೊಬ್ಬ ಕಟ್ಟಿ ನೋಡಿ ತಪ್ಪು ಹೇಳುತ್ತಾನೆ, ಮೂರನೆಯವನು ತಿದ್ದಿ ಮತ್ತೆ ಹಂಚುತ್ತಾನೆ. ಯಾರಿಗೂ ಯಾರ ಮುಖ ಗೊತ್ತಿಲ್ಲ. ಅಂಥ ಒಂದು ಲೇಔಟ್ ತೆರೆದು ನೋಡಿದಾಗ ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಬೋರ್ಡಿನ ನಡುವೆ ಒಂದು ಬಲ್ಬಿನ ಜಾಗ. ಅದರ ಸುತ್ತ ನಾಲ್ಕು ದಿಕ್ಕಿಗೆ ನಾಲ್ಕು ಎಲ್‌ಡಿಆರ್.

ಸಂಜೆ ತಾನಾಗಿ ಹೊತ್ತಿಕೊಳ್ಳುವ ಬೀದಿದೀಪದ ಸ್ವಿಚ್ಚಿನಲ್ಲಿ ಗುಂಡಿಯಷ್ಟು ಅಗಲದ ಒಂದು ಬಿಲ್ಲೆ ಇರುತ್ತದಲ್ಲ, ಅದೇ ಎಲ್‌ಡಿಆರ್. ಬೆಳಕು ಹೆಚ್ಚಾದರೆ ವಿದ್ಯುತ್ತಿಗೆ ದಾರಿ ಬಿಡುತ್ತದೆ, ಕಡಿಮೆಯಾದರೆ ತಡೆಯುತ್ತದೆ. ಹಳದಿ ಮೈಮೇಲೆ ಹಾವಿನಂತೆ ಹರಿದ ಗೆರೆ. ನಾನು ಅವನ್ನು ಕಣ್ಣು ಎನ್ನುತ್ತೇನೆ. ಈ ಪೆಡಲಿನಲ್ಲಿ ಗಿಟಾರಿನ ನಾದ ನಾಲ್ಕು ಹಂತ ದಾಟುತ್ತದೆ. ಒಂದೊಂದು ಹಂತಕ್ಕೆ ಒಂದೊಂದು ಕಣ್ಣು ಕಾವಲು. ನಡುವಿನ ಬಲ್ಬು ನಿಧಾನವಾಗಿ ಹೆಚ್ಚಿ ತಗ್ಗಿದಂತೆ ನಾಲ್ಕೂ ಕಣ್ಣುಗಳು ಒಟ್ಟಿಗೆ ದಾರಿ ಬಿಡುತ್ತ, ತಡೆಯುತ್ತ ಹೋಗುತ್ತವೆ. ಹಾಗೆ ಹಿಂದೆಮುಂದೆ ಸರಿದ ನಾದ ಮೂಲ ನಾದದೊಂದಿಗೆ ಕೂಡಿದಾಗ ಕೆಲವು ಸ್ವರಗಳು ಅಳಿಸಿ, ಕೆಲವು ಎದ್ದು ಸುಳಿ ಹುಟ್ಟುತ್ತದೆ. ಬೆಳಕಿನಿಂದ ನಾದವನ್ನು ಕಡೆಯುವ ಯಂತ್ರ ಅದು. ಸಾಹುಕಾರರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು, ಬಲ್ಬು ಉಸಿರಾಡುತ್ತಿತ್ತು. ಫೋನ್ ಮಾಡಿ ಕಟ್ಟಿಕೊಡುತ್ತೇನೆ ಎಂದೆ.

ಲೇಔಟನ್ನು ಹೊಳಪು ಕಾಗದದ ಮೇಲೆ ಲೇಸರ್ ಪ್ರಿಂಟ್ ತೆಗೆದು, ತಾಮ್ರದ ಹಾಳೆಗೆ ಒತ್ತಿ, ಬಿಸಿ ಇಸ್ತ್ರಿ ಹಾಯಿಸಿದರೆ ಶಾಯಿ ತಾಮ್ರಕ್ಕೆ ಅಂಟುತ್ತದೆ. ಆಮೇಲೆ ಫೆರಿಕ್ ಕ್ಲೋರೈಡಿನ ಕಂದು ನೀರಿನಲ್ಲಿ ಮುಳುಗಿಸಿದರೆ ಶಾಯಿ ಇಲ್ಲದ ಕಡೆಯ ತಾಮ್ರ ಕರಗಿ ದಾರಿಗಳಷ್ಟೇ ಉಳಿಯುತ್ತವೆ. ಮೊದಲ ಬೋರ್ಡು ಕನ್ನಡಿಯಂತೆ ಚೆಂದ ಬಂತು. ರಂಧ್ರ ಕೊರೆದು ಟ್ರಾನ್ಸಿಸ್ಟರ್ ಇಡಲು ಹೋದರೆ ಕಾಲು ಕೂಡುತ್ತಿಲ್ಲ. ಝೆರಾಕ್ಸ್ ಅಂಗಡಿಗೆ ಮರಳಿ ಹೋದೆ.

"ಅಂಚು ಕಟ್ ಆಗತಿತ್ರಿ ಸರ, ಪೇಜಿಗೆ ಬರೋಬ್ಬರಿ ಕೂಡ್ಸೇನಿ" ಎಂದ ಅಂಗಡಿಯವನು ಹೆಮ್ಮೆಯಿಂದ. ಅವನು ಇಡೀ ನಕ್ಷೆಯನ್ನು ತುಸು ಕುಗ್ಗಿಸಿದ್ದ.

ಎರಡನೆಯ ಬೋರ್ಡು ಅಳತೆಗೆ ಸರಿ ಬಂತು. ಆದರೆ ಉಸಿರಿಲ್ಲ. ಲೇಔಟ್ ಬಿಡಿಸಿದವರ ಪೇಟೆಯಲ್ಲಿ ಸಿಗುವ ಟ್ರಾನ್ಸಿಸ್ಟರಿನ ಕಾಲುಗಳ ಕ್ರಮ ನಮ್ಮಲ್ಲಿ ಸಿಗುವುದಕ್ಕೆ ತಿರುಗುಮುರುಗು. ಎಲ್ಲವನ್ನೂ ಕಿತ್ತು, ಮುಖ ತಿರುಗಿಸಿ ಮತ್ತೆ ಬೆಸೆದೆ. ಇನ್ನೊಂದು ಕಡೆ ನನ್ನ ಅನುಮಾನ ನನ್ನನ್ನೇ ಕೆಡಿಸುವುದರಲ್ಲಿತ್ತು. ನಾಲ್ಕು ಹಂತಗಳಲ್ಲಿ ವಿದ್ಯುತ್ತನ್ನು ತುಸು ಹಿಡಿದಿಟ್ಟು ಬಿಡುವ ಕೆಪಾಸಿಟರ್‌ಗಳು ಒಂದಕ್ಕೊಂದು ಸಂಬಂಧವೇ ಇಲ್ಲದ ಅಳತೆಯವು, ಒಂದು ಸಾಸಿವೆಯಾದರೆ ಇನ್ನೊಂದು ಕುಂಬಳಕಾಯಿ. ಇದು ಅಚ್ಚಿನ ತಪ್ಪೇ ಇರಬೇಕು, ನಾಲ್ಕನ್ನೂ ಸಮ ಮಾಡೋಣ ಎಂದು ಬೆಸುಗೆ ಕಡ್ಡಿ ಕೈಗೆತ್ತಿಕೊಂಡಿದ್ದೆ. ಅಷ್ಟು ಜನ ಕಟ್ಟಿ ಕೇಳಿ ತಿದ್ದಿದ ನಕ್ಷೆಯಲ್ಲಿ ಆ ಅಳತೆಗಳನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ. ಬಿಟ್ಟೆ. ಆ ಅಸಮತೆಯೇ ಸುಳಿಯ ಪ್ರಾಣವೆಂದು ಆಮೇಲೆ ತಿಳಿಯಿತು.

ಬಲ್ಬು ಮತ್ತು ಕಣ್ಣುಗಳ ಮೇಲೆ ಬೆಳಕನ್ನು ಸಮನಾಗಿ ಹರಡುವ ಹೊಳಪಿನ ಮುಚ್ಚಳ ಬೇಕಿತ್ತು. ಅಡುಗೆಮನೆಯಿಂದ ಒಂದು ಪುಟ್ಟ ಸ್ಟೀಲ್ ವಾಟಿ ತಂದು ಬೋರಲು ಹಾಕಿದೆ, ಅಳತೆಗೆ ಮಾಡಿಸಿದಂತೆ ಕೂತಿತು.

"ಆ ವಾಟ್ಯಾಗ ತುಪ್ಪಾ ಬಡಸ್ತಿದ್ದೆ ನಾ" ಎಂದರು ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ.

"ಇನ್ನ ಮ್ಯಾಲ ಬೆಳಕ ಬಡಸತೈತ್ರಿ ವೈನಿ."

"ಬಡ್ಸಲಿ. ಹೋಳಿಗಿ ಮಾಡಿದ ದಿನ ಬೆಳಕ ಹಾಕ್ಕೊಂಡ ತಿನ್ನು."

ಸಾಹುಕಾರರು ಗಿಟಾರ್ ಹೊತ್ತು ಕೇಳಲು ಬಂದರು. ಪೆಡಲ್ ಒತ್ತಿ ತಂತಿ ಮೀಟಿದರು. ನಾದ ಬಂತು, ಅಲುಗಿತು. ಆದರೆ ಸುಳಿಯಾಗಲಿಲ್ಲ. ಒಂದು ಗಾಲಿ ಸೊಟ್ಟಗಾದ ಚಕ್ಕಡಿಯಂತೆ ಏರಿ ದಡಕ್ ಎಂದು ಇಳಿಯುತ್ತಿತ್ತು. ಸಾಹುಕಾರರು ಸ್ವಲ್ಪ ಹೊತ್ತು ಕೇಳಿ ಗಿಟಾರನ್ನು ತೊಡೆಯ ಮೇಲೆ ಮಲಗಿಸಿದರು.

"ಕುಂಟಾಕತ್ತೈತ್ರಿ ಸರ."

"ಹೌದ್ರಿ."

"ಇದನ್ನ ಕೇಳಿದ್ರ ಅಂವಾ ಏನಂತಾನ ಗೊತ್ತೈತೇನ್ರಿ? 'ನೋಡು, ನಾ ಹೇಳಿದ್ದೆ, ಕೇಬಲ್ ಲೂಸ್' ಅಂತಾನ." ಏಳುವಾಗ ಮೆಲ್ಲಗೆ ಸೇರಿಸಿದರು, "ಆಗಲಿಲ್ಲಂದ್ರ ಬಿಡ್ರಿ. ನಾ ಊಟಕ್ಕ ಹೋಗಿ ಬರ್ತೇನಿ."

ದೋಷ ಎಲ್ಲಿದೆ ಎಂದು ಗೊತ್ತಿತ್ತು. ನಾಲ್ಕು ಕಣ್ಣುಗಳು ಒಂದೇ ಬೆಳಕಿಗೆ ಒಂದೇ ರೀತಿ ಸ್ಪಂದಿಸಬೇಕು. ಒಂದೇ ಪೊಟ್ಟಣದಿಂದ ಬಂದವೆಂದು ನಾನು ಅಳೆಯದೆ ಹಾಕಿದ್ದೆ. ಪೇಟೆಗೆ ಹೋಗಿ ಒಂದು ಮುಷ್ಟಿ ಎಲ್‌ಡಿಆರ್ ತಂದೆ. ರಟ್ಟಿನ ಕೊಳವೆಯ ಒಂದು ತುದಿಗೆ ಬದಲಾಗದ ವೋಲ್ಟೇಜಿನ ಬಲ್ಬು, ಇನ್ನೊಂದು ತುದಿಗೆ ಕಣ್ಣು, ಅದಕ್ಕೆ ಮೀಟರು. ಒಂದೊಂದನ್ನೇ ಅಳೆದು, ಸಾಹುಕಾರರು ಕೊಟ್ಟುಹೋಗಿದ್ದ ಒಣದ್ರಾಕ್ಷಿ ಪೆಟ್ಟಿಗೆಯ ರಟ್ಟಿಗೆ ಸಾಲಾಗಿ ಚುಚ್ಚಿ, ಪಕ್ಕದಲ್ಲಿ ಅಂಕಿ ಬರೆದು ಫೋಟೋ ಹಿಡಿದೆ. ಹೊಂದುವ ನಾಲ್ಕು ಸಿಕ್ಕವು.

ಮರುದಿನ ಬೆಸೆಯುವ ಮುನ್ನ ಖಾತ್ರಿಗೆಂದು ಮತ್ತೆ ಅಳೆದರೆ ಆ ನಾಲ್ಕರಲ್ಲಿ ಎರಡು ಬೇರೆ ಏನೋ ಹೇಳುತ್ತಿದ್ದವು. ರಟ್ಟಿನಲ್ಲಿ ತಪ್ಪು ಸಾಲಿಗೆ ಚುಚ್ಚಿರಬೇಕು ಎಂದುಕೊಂಡೆ. ನೋಡಲು ಎಲ್ಲವೂ ಒಂದೇ, ನನ್ನ ಕೈ ಯಾವಾಗ ಅದಲುಬದಲು ಮಾಡಿತೋ ಯಾರಿಗೆ ಗೊತ್ತು? ಎಲ್ಲವನ್ನೂ ಮತ್ತೆ ಅಳೆದೆ. ಅದರ ಮರುದಿನ ಮತ್ತೆ ಬೇರೆ. ಈ ಸಲ ಮೊದಲು ಕೆಟ್ಟಿದ್ದವು ಸರಿಯಾಗಿ, ಸರಿಯಿದ್ದವು ಕೆಟ್ಟಿದ್ದವು. ಫೋಟೋಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಎರಡೂ ನನ್ನದೇ ಬರಹ. ಮದುವೆ ಹತ್ತಿರ ಬರುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಕೈಯಾರೆ ಮಾಡಿದ ಕೆಲಸದಲ್ಲೂ ನಾನು ನನ್ನನ್ನು ನೆಚ್ಚುವಂತಿಲ್ಲವೇ ಎಂಬ ಭಯ.

ಕೊನೆಗೆ ವೈನಿಯ ನೇಲ್ ಪಾಲಿಶ್ ಬೇಡಿ ತಂದು ಪ್ರತಿ ಕಣ್ಣಿನ ಬೆನ್ನಿಗೂ ಬೇರೆಬೇರೆ ಗುರುತು ಹಾಕಿದೆ. ಇನ್ನು ಅದಲುಬದಲಾಗುವ ಮಾತೇ ಇಲ್ಲ. ಮರುದಿನ ಅಳೆದೆ. ಗುರುತು ಅದೇ, ಕಣ್ಣು ಅದೇ, ಅಂಕಿ ಬೇರೆ.

ನಾನು ರಟ್ಟು ಹಿಡಿದು ಸುಮ್ಮನೆ ಕೂತಿದ್ದಾಗ ವೈನಿ ಬಾಗಿಲಲ್ಲಿ ಬಂದು ನಿಂತರು. ಕೈಯಲ್ಲಿ ತಾಟು.

"ತಮ್ಮಾ, ಉಳದದ್ದು ಕೊಡು. ಬಿಸಲ ಚಲೋ ಬಿದ್ದೈತಿ."

"ಏನ ಉಳದದ್ದು?"

"ಅವ, ನಿನ್ನ ಹಳದಿ ಗುಂಡಿ. ನಾ ದಿನಾ ಮಾಳಗಿ ಮ್ಯಾಲ ಶಾವಿಗಿ ಜೋಡಿ ಹಾಕಾಕತ್ತೇನಿ. ನೀ ಜಳಕಾ, ನಾಷ್ಟಾ ಅಂತ ಒಳಗ ಹೋಗ್ತೀ, ಬಜಾರಕ್ಕ ಹೋಗ್ತೀ, ಅಷ್ಟರಾಗ ಒಯ್ದು ಹಾಕ್ತೇನಿ. ತಾಟ ಸಣ್ಣದು, ಎಲ್ಲಾ ಹಿಡಿಯಂಗಿಲ್ಲ. ಅರ್ಧಾ ಒಂದಿನ, ಅರ್ಧಾ ಒಂದಿನ. ಬರೋಬ್ಬರಿ ಸಾಲಿನ್ಯಾಗ ತಿರಗಿ ಚುಚ್ಚಿಡ್ತೇನಪಾ, ಅದೇನ ಕೆಡಸಿಲ್ಲ."

"ಬಿಸಲಿಗ್ಯಾಕ ಹಾಕಿದ್ರಿ?"

ವೈನಿ ನನ್ನನ್ನು ಮರುಕದಿಂದ ನೋಡಿದರು. "ಹೊಸಾ ಸಾಮಾನ ಬಿಸಲ ತೋರಸದ ಡಬ್ಬ್ಯಾಗ ಹಾಕ್ತಾರೇನು? ಹುಳಾ ಬೀಳ್ತಾವ."

ನಮ್ಮ ಕಡೆ ಮೆಣಸಿನಕಾಯಿ, ಗೋದಿ, ಗಾದಿ, ಕೌದಿ, ಹೊಸ ಪುಸ್ತಕವೂ ಮೊದಲು ಬಿಸಿಲಿಗೇ ಹೋಗುತ್ತದೆ. ಎಲ್‌ಡಿಆರ್ ಮಾತ್ರ ಏಕೆ ಬಿಟ್ಟೀತು? ನಗು ಬಂತು. ನಗುತ್ತಿರುವಾಗಲೇ ಬೇರೊಂದು ಪ್ರಶ್ನೆ ಎದ್ದಿತು. ಬಿಸಿಲಿಗೆ ಹಾಕಿದ್ದರೆ ಏನಂತೆ? ಅವನ್ನು ನಾನು ಅಳೆದದ್ದು ಒಳಗೆ, ಕೊಳವೆಯಲ್ಲಿ, ಅದೇ ಬಲ್ಬಿನ ಕೆಳಗೆ. ಹೋದ ಬೆಳಕು ಹೋಯಿತಲ್ಲವೇ?

ಎಲ್‌ಡಿಆರ್ ತಯಾರಕರ ಮಾಹಿತಿ ಹಾಳೆ ತೆರೆದು ಓದಿದೆ. ಒಂದು ಕಡೆ, ಯಾರೂ ನೋಡದ ಜಾಗದಲ್ಲಿ, ಅದು ಇತ್ತು. ಈ ವಸ್ತುವಿನ ಸ್ಪಂದನ ಈಗ ಬಿದ್ದ ಬೆಳಕನ್ನಷ್ಟೇ ಅವಲಂಬಿಸುವುದಿಲ್ಲ, ಹಿಂದೆ ಕಂಡ ಬೆಳಕನ್ನೂ ಅವಲಂಬಿಸುತ್ತದೆ. ಕತ್ತಲಲ್ಲಿ ಇದ್ದು ಬಂದ ಕಣ್ಣು ಅದೇ ಬೆಳಕಿಗೆ ಹೆಚ್ಚು ದಾರಿ ಬಿಡುತ್ತದೆ, ಬಿಸಿಲು ಕಂಡು ಬಂದದ್ದು ಕಡಿಮೆ. ಈ ಮಾತನ್ನು ವಿಶ್ವವಿದ್ಯಾಲಯದ ತರಗತಿಯಲ್ಲಿ ಎಂದೋ ಕೇಳಿದ್ದೆ ಅನ್ನಿಸಿತು. ನಿಜವಾಗಿ ಕೇಳಿದ್ದೆನೋ, ಈಗ ಓದಿದ್ದರಿಂದ ಹಾಗೆ ಅನ್ನಿಸುತ್ತಿದೆಯೋ, ಇವತ್ತಿಗೂ ಹೇಳಲಾರೆ.

ಓದಿದ್ದನ್ನೂ ನಂಬುವವನಲ್ಲ ನಾನು. ಒಂದೇ ಅಂಕಿ ತೋರುವ ಎರಡು ಕಣ್ಣು ಆರಿಸಿ, ಒಂದನ್ನು ಬಿಸ್ಕೀಟಿನ ತಗಡಿನ ಡಬ್ಬಿಯಲ್ಲಿ ಮುಚ್ಚಿಟ್ಟೆ. ಇನ್ನೊಂದನ್ನು ವೈನಿಯ ತಾಟಿನಲ್ಲಿ, ಶಾವಿಗೆಯ ಪಕ್ಕ, ಮಾಳಿಗೆಯ ಬಿಸಿಲಿಗೆ ಕಳಿಸಿದೆ. ಸಂಜೆ ಎರಡನ್ನೂ ಒಂದೇ ಬಲ್ಬಿನ ಕೆಳಗಿಟ್ಟೆ. ಅಂಕಿಗಳು ಅಪರಿಚಿತರಂತೆ ದೂರ ನಿಂತವು. ಎರಡನ್ನೂ ಡಬ್ಬಿಗೆ ಹಾಕಿ ಬೆಳಗಿನವರೆಗೆ ಬಿಟ್ಟು ಅಳೆದೆ. ಮತ್ತೆ ಒಂದಾಗಿದ್ದವು.

ಆ ಬೆಳಿಗ್ಗೆ ಆ ಬಿಲ್ಲೆಯನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದೆ. ಇದಕ್ಕೆ ಮಿದುಳಿಲ್ಲ. ಇದರಲ್ಲಿ ಬರೆದಿಡುವ ಜಾಗವಿಲ್ಲ. ಆದರೂ ನಿನ್ನೆಯ ಬಿಸಿಲನ್ನು ಇದು ಇಟ್ಟುಕೊಂಡಿತ್ತು, ಕತ್ತಲಲ್ಲಿ ಮೆಲ್ಲಗೆ ಬಿಟ್ಟುಕೊಟ್ಟಿತ್ತು. ಇಷ್ಟು ದಿನ ನನ್ನ ನೆನಪು ಕೈಕೊಟ್ಟಿತೆಂದು ಹೆದರಿದ್ದೆನಲ್ಲ, ಕೈಕೊಟ್ಟದ್ದು ನನ್ನ ನೆನಪಲ್ಲ. ಇವುಗಳಿಗೆ ನೆನಪೇ ಇಲ್ಲವೆಂದು ನಾನು ಹಿಡಿದಿದ್ದ ಲೆಕ್ಕವೇ ತಪ್ಪು.

ಮುಂದೆ ಎರಡು ದಾರಿ ಇದ್ದವು. ಇಂಥದೇ ನಾದ ಕೊಡುವ ಡಿಜಿಟಲ್ ಪೆಡಲ್ ತರಿಸಬಹುದಿತ್ತು, ಸಮಯವೂ ಉಳಿಯುತ್ತಿತ್ತು. ಫೋನಿನಲ್ಲಿ ಕೇಳಿದೆ.

"ಅದರಾಗ ಬಲ್ಬ್ ಇರತೈತೇನ್ರಿ?" ಎಂದರು ಸಾಹುಕಾರರು.

"ಇಲ್ಲ್ರಿ. ಚಿಪ್ ಇರತೈತಿ."

"ಹಂಗಾರ ನಾ ಊಟಕ್ಕ ಅಷ್ಟ ಹೋಗ್ತೇನ್ರಿ" ಎಂದರು. ಕಟ್ಟಿದ ಬೋರ್ಡಿನಿಂದಲೇ ನಾಲ್ಕೂ ಕಣ್ಣುಗಳನ್ನು ಕೀಳಲು ಅಲ್ಲೇ ನಿರ್ಧರಿಸಿದೆ.

ಬೆಸುಗೆ ಬಿಚ್ಚುವಾಗ ಒಂದು ಕಡೆ ತಾಮ್ರವೇ ಸಿಪ್ಪೆಯಂತೆ ಎದ್ದುಬಂತು. ಇಡೀ ಬೋರ್ಡು ಹೋಯಿತೆಂದುಕೊಂಡೆ. ಲೇಔಟ್ ಮುಂದಿಟ್ಟುಕೊಂಡು ಆ ದಾರಿ ಎಲ್ಲಿಗೆ ಹೋಗುತ್ತದೆಂದು ಬೆರಳಿಟ್ಟು ಹುಡುಕಿ, ಕೂದಲಿನಂಥ ತಂತಿಯಿಂದ ಸೇತುವೆ ಕಟ್ಟಿದೆ. ಕಣ್ಣುಗಳಿಗೆ ಒಂದೇ ಕಟ್ಟಳೆ: ಎಲ್ಲವೂ ಒಟ್ಟಿಗೆ ಒಂದೇ ಡಬ್ಬಿಯಲ್ಲಿ, ಒಂದೇ ಕತ್ತಲಲ್ಲಿ ಇರಬೇಕು, ಒಂದೇ ಹೊತ್ತಿಗೆ ಹೊರಬರಬೇಕು. ಡಬ್ಬಿಯ ಮೇಲೆ ವೈನಿಯೇ ಒಂದು ಕಲ್ಲು ಹೇರಿ, "ಹುಳಾ ಬಿದ್ರ ನನಗನ್ನಬ್ಯಾಡ" ಎಂದರು. ಮರುದಿನ ಅಂಕಿಗಳಷ್ಟೇ ಅಲ್ಲ, ಬಲ್ಬನ್ನು ಏರಿಸಿ ಇಳಿಸುತ್ತ ಜೊತೆಜೊತೆಯಾಗಿ ಏರಿಳಿಯುವ ನಾಲ್ಕನ್ನು ಆರಿಸಿದೆ. ಬೆಸೆದೆ. ವಾಟಿ ಮುಚ್ಚಿದೆ. ಸ್ಕ್ರೂ ಬಿಗಿದೆ.

ಸಾಹುಕಾರರು ಬಂದು ತಂತಿ ಮೀಟಿದರು.

ಆ ನಾದವನ್ನು ಹೇಗೆ ಹೇಳಲಿ? ಡೋಣಿ ನದಿಯ ಸಣ್ಣ ಹರಿವಿನಲ್ಲಿ ಎಲೆಯೊಂದು ಮುಂದೆ ಹೋಗದೆ ಇದ್ದಲ್ಲೇ ಮೆಲ್ಲಗೆ ತಿರುಗುತ್ತದಲ್ಲ, ಸ್ವರ ಹಾಗೆ ಕೋಣೆಯ ನಡುವೆ ತಿರುಗಿತು. ಸರ್ಕ್ಯೂಟಿನ ಒಂದೊಂದು ಮೂಲೆಯೂ ನನಗೆ ಗೊತ್ತಿತ್ತು. ಯಾವ ಹಂತದಲ್ಲಿ ಏನಾಗುತ್ತದೆಂದು ಬರೆದು ತೋರಿಸಬಲ್ಲೆ. ಅದರಿಂದ ರೋಮಾಂಚನ ಒಂದಿಷ್ಟೂ ಕಡಿಮೆಯಾಗಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಸಾಹುಕಾರರು ಮೀಟುವುದನ್ನು ನಿಲ್ಲಿಸಿ ಕೈ ತಂತಿಯ ಮೇಲೆ ಹಾಗೇ ಇಟ್ಟರು.

"ಇತ್ತರಿ ಸರ" ಎಂದರು. "ಖರೇನ ಇತ್ತು."

ಬಬಲೇಶ್ವರದಲ್ಲಿ ಅಕ್ಷತೆ ಮುಗಿದು ಊಟದ ಪಂಕ್ತಿಗಳು ಏಳುವ ಹೊತ್ತು. ಶಾಮಿಯಾನದ ಅಂಚಿಗೆ ಸ್ಟೇಜು, ಪಶ್ಚಿಮದ ಬಿಸಿಲು ನೇರ ಅದರ ಮೇಲೆ. ಡ್ರಮ್ಮಿನ ಗೆಳೆಯ ಮಗಳ ಮದುವೆಗೆಂದು ರುಮಾಲು ಸುತ್ತಿದ ಪಟಗವನ್ನು ತಲೆಯ ಮೇಲಿಟ್ಟುಕೊಂಡೇ ಡ್ರಮ್ಮಿನ ಹಿಂದೆ ಕೂತಿದ್ದರು. ಸಾಹುಕಾರರು ಪೆಡಲ್ ಒತ್ತಿ ಒಮ್ಮೆ ಮೀಟಿದರು. ಸುಳಿ ಎದ್ದಿತು. ಗೆಳೆಯನ ಕೈಯಲ್ಲಿದ್ದ ಡ್ರಮ್ ಕಡ್ಡಿ ಅರ್ಧಕ್ಕೇ ನಿಂತಿತು. ಆದರೂ ಅವರು ಸೋಲುವ ಕುಳವಲ್ಲ.

"ಒಳಗ ಮೊಬೈಲ್ ಇಟ್ಟು ಆಪ್ ಹಚ್ಚೀಯೇನ್ಲೇ? ಬಲ್ಬ್ ಐತಿ ಅಂತಿದ್ಯಲ್ಲ, ತೋರ್ಸು!"

"ನೋಡಲೇ, ಕಣ್ತುಂಬ ನೋಡು" ಎಂದು ಸಾಹುಕಾರರು ಕುಕ್ಕರುಗಾಲಿನಲ್ಲಿ ಕೂತರು. ಕೆಳಗಿದ್ದ ನಾನು ಬೇಡವೆಂದು ಕೂಗಿದ್ದು ಗದ್ದಲದಲ್ಲಿ ಕೇಳಿಸದೆ, ನಾಣ್ಯದ ಅಂಚಿನಿಂದ ಸ್ಕ್ರೂ ಬಿಚ್ಚಿ, ಮುಚ್ಚಳ ತೆಗೆದು, ವಾಟಿಯನ್ನೂ ಎತ್ತಿಬಿಟ್ಟರು. ಬಬಲೇಶ್ವರದ ಬಿಸಿಲು ನಾಲ್ಕು ಕಣ್ಣುಗಳಿಗೆ ತುಂಬಿಕೊಂಡಿತು. ಪಾಪದ ಬಲ್ಬು ಉಸಿರಾಡುತ್ತಲೇ ಇತ್ತು, ಆ ಬೆಳಕಿನಲ್ಲಿ ಅದು ಹತ್ತಿದ್ದೂ ಕಾಣಲಿಲ್ಲ. ಸಾಹುಕಾರರು ಮೀಟಿದರೆ ಬಂದದ್ದು ಬರೀ ಚಪ್ಪಟೆ ಸ್ವರ.

"ಸತ್ತೋತು!" ಗೆಳೆಯ ಕೈತಟ್ಟಿದರು. "ನಡಿ ದೋಸ್ತ, ಪಂಕ್ತಿ ಹಾಕ್ಯಾರ."

ಜನ ನಕ್ಕರು. ಸಾಹುಕಾರರು ನನ್ನ ಕಡೆ ನೋಡಿದ ನೋಟವನ್ನು ಫೋಟೋ ಇಲ್ಲದೆಯೂ ನಾನು ಮರೆಯಲಾರೆ. ಸ್ಟೇಜು ಏರಿ ವಾಟಿ ಬೋರಲು ಹಾಕಿ, ಮುಚ್ಚಳ ಒತ್ತಿ, ನನ್ನ ಟವೆಲ್ಲನ್ನು ಸುತ್ತಿದೆ.

"ಬಾರಸ್ಕೋಂತ ಇರ್ರಿ. ನಿಲ್ಲಸಬ್ಯಾಡ್ರಿ. ಬಿಸಲ ನೋಡ್ಯಾವ, ಮರೀಲಿಕ್ಕೆ ಸ್ವಲ್ಪ ಹೊತ್ತ ಬೇಕು."

ಅವರು ಕಣ್ಣು ಮುಚ್ಚಿ ಒಂದೇ ಸ್ವರಗುಚ್ಛವನ್ನು ಮತ್ತೆ ಮತ್ತೆ ಮೀಟತೊಡಗಿದರು. ಮೊದಲು ಏನೂ ಇಲ್ಲ. ಆಮೇಲೆ ದೂರದಲ್ಲಿ ಗಾಳಿ ದಿಕ್ಕು ಬದಲಿಸಿದಂಥ ಒಂದು ಓಲಾಟ. ಅದು ಕುಂಟಿತು, ತಡವರಿಸಿತು. ಟವೆಲ್ಲಿನ ಕೆಳಗಿನ ಕತ್ತಲಲ್ಲಿ ನಾಲ್ಕು ಕಣ್ಣುಗಳು ಬಿಸಿಲನ್ನು ಒಂದೊಂದಾಗಿ ಕೆಳಗಿಳಿಸುತ್ತಿದ್ದವು. ಕುಂಟು ಕಡಿಮೆಯಾಯಿತು, ಓಲಾಟ ಅಗಲವಾಯಿತು, ತಿರುಗಿತು, ಆಮೇಲೆ ಇಡೀ ಶಾಮಿಯಾನವೇ ಮೆಲ್ಲಗೆ ಸುತ್ತಿದಂತೆ ಸುಳಿ ತುಂಬಿ ಬಂತು. ಪಂಕ್ತಿಗೆ ಎದ್ದವರು ಎದ್ದಲ್ಲೇ ನಿಂತರು.

ಡ್ರಮ್ಮಿನ ಗೆಳೆಯ ಪಟಗ ತೆಗೆದು ಪಕ್ಕಕ್ಕಿಟ್ಟರು. ಆ ಸುಳಿಯ ಓಟಕ್ಕೆ ಸರಿಯಾಗಿ, ಎಚ್ಚರಗೊಳಿಸಬಾರದೆಂಬಂತೆ, ಕಡ್ಡಿಯ ತುದಿಯಿಂದ ಬಾರಿಸತೊಡಗಿದರು.

"ಲೇ" ಎಂದರು, ದನಿ ತಗ್ಗಿಸಿ. "ಕಾಖಂಡಕಿ ಜಾತ್ರ್ಯಾಗ ಬಾರಿಸಿದ್ವಲ್ಲ, ಅವತ್ತ ಹಿಂಗ ಇತ್ತಲ್ಲೋ."

ಸಾಹುಕಾರರು ಕಣ್ಣು ತೆರೆಯದೆಯೇ ಹೇಳಿದರು.

"ಕೇಬಲ್ ಲೂಸ್ ಐತಿ. ಸುಮ್ನ ಬಾರ್ಸು."